ಮೊದಲು ಮಣ್ಣಿಗೆ ಬೆರಳಿಡಿ

ಕುಂಡವನ್ನು ಬೋರಲು ಹಿಡಿದು ತಳಕ್ಕೆ ಎರಡು ಸಲ ತಟ್ಟಿದರು. ಮಣ್ಣಿನ ಮುದ್ದೆ ಇಡಿಯಾಗಿ ಜಾರಿ ಕೈಗೆ ಬಂತು. ಜೊತೆಗೇ ಕೊಳೆತ ಮೊಟ್ಟೆಯ ವಾಸನೆ. ಅದು ನನ್ನ ಮಲ್ಲಿಗೆ ಗಿಡ. ಉಡುಪಿ ಹತ್ತಿರದ ಶಂಕರಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮುಂಬೈಯ ಮಾಟುಂಗಕ್ಕೆ ತಂದದ್ದು. ಬೆಳ್ಳಗೆ, ಗಟ್ಟಿಯಾಗಿ ಇರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು.

"ದಿನಾ ನೀರು ಹಾಕ್ತಿದ್ರಾ?" ಅಂತ ಕಲಿಸುವವರು ಕೇಳಿದರು.

"ದಿನಾ, ಎರಡು ಹೊತ್ತು."

ಮುಂಬೈಯ ಬೈಕುಲಾದಲ್ಲಿರುವ ರಾಣಿಬಾಗ್ ಉದ್ಯಾನ. ಅಲ್ಲಿ ಮರದ ನೆರಳಲ್ಲಿ ದೊಡ್ಡವರಿಗಾಗಿ ನಡೆದ ತೋಟಗಾರಿಕೆ ತರಗತಿಯ ಮೊದಲ ಬೆಳಿಗ್ಗೆ ಅದು. ನಮ್ಮ ಕಟ್ಟಡದಿಂದ ನಾಲ್ಕು ಜನ ಕನ್ನಡದವರು ಹೋಗಿದ್ದೆವು. ಎಲ್ಲರಿಗೂ ಊರಲ್ಲಿ ಹಿತ್ತಿಲು ಇತ್ತು, ಇಲ್ಲಿರುವುದು ಕಿಟಕಿಯ ಗ್ರಿಲ್ಲು.

ಬೇರಿಗೂ ಉಸಿರಾಟ ಬೇಕು. ನಮ್ಮ ಹಾಗೆಯೇ ಅದು ಆಮ್ಲಜನಕ ತೆಗೆದುಕೊಂಡು ಸಕ್ಕರೆಯಿಂದ ಶಕ್ತಿ ಪಡೆಯುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯೇ ಅದಕ್ಕೆ ಆಧಾರ. ಸಂದುಗಳಲ್ಲಿ ನೀರು ತುಂಬಿದರೆ ಕಷ್ಟ ಶುರು. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರುಗಟ್ಟಿ ಸಾಯುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಬಿಡಾರ ಹೂಡುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದ್ದೇ ಆ ಕೊಳೆತ ಮೊಟ್ಟೆ ವಾಸನೆ.

ಸತ್ತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ಎಲೆ ಬಾಡುತ್ತದೆ. ನೋಡಿದವರಿಗೆ ಗಿಡಕ್ಕೆ ಬಾಯಾರಿದೆ ಅನಿಸುತ್ತದೆ, ಇನ್ನೊಂದು ಚೊಂಬು ಹಾಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ನೀರು ಇಳಿಯಲಿ ಅಂತ ಕುಂಡದ ತಳಕ್ಕೆ ಜಲ್ಲಿಕಲ್ಲನ್ನೂ ಹಾಕಿದ್ದೆ. ಅಮ್ಮ ಹೇಳಿಕೊಟ್ಟದ್ದು, ಬಹಳ ಮನೆಗಳಲ್ಲಿ ರೂಢಿಯಲ್ಲಿರುವುದು. ಅದೂ ತಪ್ಪು ಅಂತ ಗೊತ್ತಾಗಿ ಬೇಸರವಾಯಿತು. ನುಣ್ಣನೆಯ ಮಣ್ಣು ನೀರನ್ನು ಸ್ಪಂಜಿನಂತೆ ಹಿಡಿದುಕೊಳ್ಳುತ್ತದೆ. ಮಣ್ಣಿನ ಕೆಳಪದರ ಪೂರ್ತಿ ತೊಯ್ದು ತುಂಬುವ ತನಕ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಅಂದರೆ ಜಲ್ಲಿ ಹಾಕಿದಷ್ಟೂ ಕೆಸರಿನ ಪದರ ಮೇಲಕ್ಕೆ ಏರಿ ಬೇರಿನ ಹತ್ತಿರ ಬರುತ್ತದೆ. ಬೇಕಾದದ್ದು ತಳದಲ್ಲಿ ತೂತು, ಮಣ್ಣಿಗೆ ತೆಂಗಿನ ನಾರಿನ ಪುಡಿ, ಒಣ ಎಲೆಯ ಗೊಬ್ಬರ. ಮತ್ತೆ ಬೆರಳು. ಎರಡನೇ ಗೆಣ್ಣಿನ ತನಕ ಮಣ್ಣಿಗೆ ತೂರಿಸಿ. ಒಳಗೆ ತಣ್ಣಗೆ, ಒದ್ದೆ ಅನಿಸಿದರೆ ಅಂದು ನೀರು ಬೇಡ.

ರಾಣಿಬಾಗ್ ಸುಮಾರು 160 ವರ್ಷ ಹಳೆಯದು. ಮೊದಲು ವಿಕ್ಟೋರಿಯಾ ಗಾರ್ಡನ್, ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಬಹಳ ಜನ ಅಲ್ಲಿನ ಮೃಗಾಲಯದ ಪೆಂಗ್ವಿನ್ ನೋಡಿಕೊಂಡು ಹೊರಟುಬಿಡುತ್ತಾರೆ. ನನಗೆ ಅದು ಸಂಕಟ. ಅಲ್ಲಿ ನಿಜವಾಗಿ ನೋಡಬೇಕಾದದ್ದು ಮರಗಳು. ಆಫ್ರಿಕಾದ ಬಾವೊಬಾಬ್ ಇದೆ, ಮರಾಠಿಯವರು ಗೋರಖ್ ಚಿಂಚ್ ಅನ್ನುತ್ತಾರೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 'ದೊಡ್ಡ ಹುಣಸೆ' ಅಂತ ಕರೆಯುವ ಮರಗಳು ಇದೇ ಜಾತಿಯವು. ನಮ್ಮ ಜೊತೆ ಬಂದಿದ್ದ ಹಾವೇರಿ ಕಡೆಯ ಹೆಂಗಸೊಬ್ಬರು ಅದರ ಕಾಂಡದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ತರಗತಿಯ ಕೊನೆಯ ಅರ್ಧ ಗಂಟೆ 'ವೆಲ್‌ನೆಸ್'. ಹೆಸರು ಕೇಳಿ ನನಗೆ ಅನುಮಾನವೇ ಇತ್ತು. ಮಾಡಿಸಿದ್ದು ಇಷ್ಟೇ: ಫೋನು ಚೀಲದಲ್ಲಿಟ್ಟು ಒಂದು ಮರದ ಕೆಳಗೆ ಕೂತು ಸುಮ್ನೆ ನೋಡುವುದು. ಎಲೆ ಹೇಗೆ ಅಲುಗುತ್ತದೆ, ಇರುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ. ಇದರ ಹಿಂದೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲಾನ್ ದಂಪತಿಯ ವಿಚಾರವಿದೆ. ಲೆಕ್ಕ ಬರೆಯುವಾಗ, ರಸ್ತೆ ದಾಟುವಾಗ ನಾವು ಗಮನವನ್ನು ಬಲವಂತವಾಗಿ ಹಿಡಿದಿರುತ್ತೇವೆ. ಅದು ದಣಿಯುತ್ತದೆ. ಅಲುಗುವ ಎಲೆ ಗಮನವನ್ನು ಮೆಲ್ಲಗೆ ಸೆಳೆಯುತ್ತದೆ, ಬಲವಂತ ಇಲ್ಲ. ಆ ಹೊತ್ತಿನಲ್ಲಿ ದಣಿದ ಗಮನಕ್ಕೆ ವಿಶ್ರಾಂತಿ ಸಿಗುತ್ತದೆ ಅನ್ನುವುದು ಅವರ ವಾದ.

ಅಳತೆ ಮಾಡಿ ನೋಡಿದವರೂ ಇದ್ದಾರೆ. ಸಂಶೋಧಕ ರೋಜರ್ ಉಲ್ರಿಕ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ 23 ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, ಇನ್ನು 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಬಲವಾದ ನೋವಿನ ಔಷಧಿಯೂ ಮರ ಕಂಡವರಿಗೆ ಕಡಿಮೆ ಸಾಕಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ನೆದರ್ಲೆಂಡ್ಸಿನ 2011ರ ಪ್ರಯೋಗ. ಮೊದಲು 30 ಜನರಿಗೆ ತಲೆಬಿಸಿ ಮಾಡುವ ಪರೀಕ್ಷೆ ಕೊಟ್ಟರು. ಆಮೇಲೆ ಅರ್ಧ ಗಂಟೆ ಕೆಲವರು ತೋಟದ ಕೆಲಸ ಮಾಡಿದರು, ಉಳಿದವರು ಒಳಗೆ ಕೂತು ಓದಿದರು. ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನನ್ನು ಅಳೆದರೆ ಎರಡೂ ಗುಂಪಿನಲ್ಲಿ ಇಳಿದಿತ್ತು, ತೋಟದವರಲ್ಲಿ ಹೆಚ್ಚು ಇಳಿದಿತ್ತು. ಆದರೆ ಅವರೆಲ್ಲ ಮೊದಲಿಂದಲೂ ತೋಟ ಮಾಡುತ್ತಿದ್ದವರೇ. ಗಿಡ ಕಂಡರೆ ಆಗದವರಿಗೂ ಹೀಗೇ ಆಗುತ್ತದೆ ಅಂತ ಇದರಿಂದ ಹೇಳಲಾಗದು.

ಒಂದು ನಂಬಿಕೆಯನ್ನು ಮಾತ್ರ ಬಿಡಲೇಬೇಕು. ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಅಂತ ನರ್ಸರಿಗಳಲ್ಲಿ ಹೇಳಿ ಮಾರುತ್ತಾರೆ. ಇದರ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. ಅಂಥ ಹಲವು ಪ್ರಯೋಗಗಳ ಲೆಕ್ಕವನ್ನು 2019ರಲ್ಲಿ ಮತ್ತೆ ಹಾಕಿ ನೋಡಿದರು. ಕಟ್ಟಡದೊಳಗೆ ತಾನಾಗಿ ಬಂದುಹೋಗುವ ಗಾಳಿ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಹಾಸಿಗೆ ಎಲ್ಲಿ ಹಾಕುವುದು? ಕಿಟಕಿ ತೆರೆದರೆ ಸಾಕು.

ಮಣ್ಣಿನ ವಾಸನೆಯ ಕಥೆ ಮಾತ್ರ ನಿಜಕ್ಕೂ ಸೊಗಸು. ಮುಂಬೈಯಲ್ಲಿ ಜೂನಿನ ಮೊದಲ ಮಳೆಗೆ ಏಳುವ ಆ ವಾಸನೆಯಲ್ಲಿ ಜಿಯೋಸ್ಮಿನ್ ಇರುತ್ತದೆ. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಅದು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಸಿಗುತ್ತದೆ. ಬ್ಯಾಕ್ಟೀರಿಯಾ ಇದನ್ನು ಯಾಕೆ ಮಾಡುತ್ತದೆ? 2020ರಲ್ಲಿ ಒಂದು ಉತ್ತರ ಸಿಕ್ಕಿತು. ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳು ಈ ವಾಸನೆ ಹಿಡಿದು ಬಂದು, ಬ್ಯಾಕ್ಟೀರಿಯಾವನ್ನು ತಿಂದು, ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಬೇರೆ ಕಡೆ ಒಯ್ಯುತ್ತವೆ.

ಬರಿಗೈಯಲ್ಲಿ ಮಣ್ಣು ಮುಟ್ಟುವುದೇ ನನಗೆ ಇಷ್ಟ. ಆದರೆ ಕೈಯಲ್ಲಿ ಗಾಯ ಇದ್ದವರು, ಸಕ್ಕರೆ ಕಾಯಿಲೆಯವರು ಗ್ಲೌಸ್ ಹಾಕಿಕೊಳ್ಳಲೇಬೇಕು. ಟೆಟನಸ್ ರೋಗದ ಬೀಜಕಣಗಳೂ ಮಣ್ಣಿನಲ್ಲೇ ಇರುತ್ತವೆ.

ಇನ್ನು ನನ್ನ ಮಲ್ಲಿಗೆ. ಬೇರು ಹೋಗಿದ್ದರೂ ಎರಡು ಕೊಂಬೆಗಳಲ್ಲಿ ಹಸಿರಿತ್ತು. ಅದನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎಲೆ ಮೂಡುವ ಒಂದು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಡಲು ಹೇಳಿದರು. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿದು ಕತ್ತರಿಸಿದ ತುದಿಯಲ್ಲಿ ಸೇರುತ್ತದೆ, ಬೇರು ಅಲ್ಲೇ ಮೂಡುತ್ತದೆ. ನಾಲ್ಕು ಕಡ್ಡಿ ನೆಟ್ಟೆ. ಎರಡು ಒಣಗಿದವು, ಒಂದು ಕಪ್ಪಾಯಿತು. ಆರನೇ ವಾರ ಉಳಿದದ್ದನ್ನು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿದೆ. ಬರಲಿಲ್ಲ. ಒಳಗಿನಿಂದ ಹಿಡಿದುಕೊಂಡಿತ್ತು.