ಜಡೆ ಹೆಣೆಯುವವಳ ಗಂಟೆಗೆ ಎಷ್ಟು ರ‍್ಯಾಂಡ್?

"ಸ್ವಂತ ವ್ಯಾಪಾರ ಶುರು ಮಾಡುವ ಮನಸ್ಸಿದೆಯೇ?" ದಕ್ಷಿಣ ಆಫ್ರಿಕಾದ ಟೌನ್‌ಶಿಪ್‌ಗಳ (ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವರಿಗೆಂದು ಊರಾಚೆ ಕಟ್ಟಿದ ಬಡಾವಣೆಗಳ) ಕಪ್ಪು ಯುವತಿಯರಿಗೆ ತರಬೇತಿ ಕೊಡುವವರು ಮೊದಲು ಕೇಳುವ ಪ್ರಶ್ನೆ ಇದು, ಮತ್ತು ಕೆಟ್ಟ ಪ್ರಶ್ನೆಯೂ ಹೌದು. ದುಡಿಮೆ ಹುಡುಕುತ್ತಿರುವ 15ರಿಂದ 24ರ ವಯಸ್ಸಿನವರಲ್ಲಿ ಹೆಚ್ಚುಕಮ್ಮಿ ಶೇ. 60ರಷ್ಟು ಮಂದಿಗೆ ಕೆಲಸವಿಲ್ಲದ ದೇಶದಲ್ಲಿ "ಹೌದು" ಅಂದರೆ "ನೌಕರಿ ಸಿಕ್ಕಿಲ್ಲ" ಅಂತಲೂ ಅರ್ಥ ಇರಬಹುದು.

ಮನಶ್ಶಾಸ್ತ್ರಜ್ಞ ಐಸೆಕ್ ಐಜನ್ 1991ರಲ್ಲಿ ವಿವರಿಸಿದ ಸಿದ್ಧಾಂತದ ಪ್ರಕಾರ ಒಂದು ಕೆಲಸ ಮಾಡುವ ಉದ್ದೇಶ ಗಟ್ಟಿಯಾಗುವುದು ಮೂರರಿಂದ: ಆ ಕೆಲಸದ ಬಗ್ಗೆ ನನಗೇನನ್ನಿಸುತ್ತದೆ, ನನ್ನವರು ಏನಂತಾರೆ, ಅದು ನನ್ನ ಕೈಲಾಗುತ್ತದೆಯೇ. ಸ್ಫೂರ್ತಿ ಭಾಷಣಗಳೆಲ್ಲ ಮೊದಲನೆಯದನ್ನೇ ಜಗ್ಗುತ್ತವೆ. ಗಾಡಿ ಸಿಕ್ಕಿಬೀಳುವುದು ಮೂರನೆಯದರಲ್ಲಿ.

ಅದಕ್ಕೆ ಇತಿಹಾಸವೂ ಇದೆ. 1927ರ ಕಾಯ್ದೆಯೊಂದು ಸಾಂಪ್ರದಾಯಿಕ ವಿವಾಹವಾಗಿ ಗಂಡನ ಜೊತೆಗಿದ್ದ ಕಪ್ಪು ಹೆಂಗಸನ್ನು ಕಾನೂನಿನ ಕಣ್ಣಿಗೆ ಅಪ್ರಾಪ್ತೆ ಎಂದಿತ್ತು; ಗಂಡನೇ ಪೋಷಕ. ಪತ್ನಿಗೆ ಸಮಾನ ಸ್ಥಾನ ಕೊಟ್ಟ 1998ರ ಕಾಯ್ದೆ ಜಾರಿಯಾದದ್ದು 2000ದ ನವೆಂಬರ್‌ನಲ್ಲಿ. 1963ರ ನಿಯಮಗಳು ಟೌನ್‌ಶಿಪ್‌ನ ಕಪ್ಪು ವ್ಯಾಪಾರಿಗೆ ಒಂದಕ್ಕಿಂತ ಹೆಚ್ಚು ಅಂಗಡಿ ಇಡಲು ಬಿಡಲಿಲ್ಲ. ಹೀಗಾಗಿ ಇವತ್ತಿನ ಎಷ್ಟೋ ಹುಡುಗಿಯರ ಪಾಲಿಗೆ ಅಜ್ಜಿಯ ಹೆಸರಿನ ಆಸ್ತಿಯಿಲ್ಲ, ಬ್ಯಾಂಕಿಗೆ ತೋರಿಸಲು ಅಡಮಾನವಿಲ್ಲ, ಮನೆಯಲ್ಲಿ ಲೆಕ್ಕದ ಪುಸ್ತಕ ಬರೆಯುವವರನ್ನು ಕಂಡ ನೆನಪೂ ಇಲ್ಲ.

"ನನ್ನವರು ಏನಂತಾರೆ" ಎಂಬುದು ಅಲ್ಲಿ ದುಡ್ಡಿನ ಮಾತು. ಮೊದಲು ದುಡಿಯಲು ಶುರು ಮಾಡಿದವಳು ತಮ್ಮಂದಿರ ಫೀಸು, ಅಮ್ಮನ ದಿನಸಿ ನೋಡಿಕೊಳ್ಳಬೇಕು. ಜನ ಇದನ್ನು ಬ್ಲ್ಯಾಕ್ ಟ್ಯಾಕ್ಸ್ ಅನ್ನುತ್ತಾರೆ. ತಿಂಗಳ ಕೊನೆಗೆ ಬರುವ ಸಂಬಳಕ್ಕಿರುವ ಬೆಲೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಲಾಭಕ್ಕಿಲ್ಲ. ಡಿಗ್ರಿ ಮುಗಿಸಿದವಳಿಗಂತೂ ಇನ್ನೂ ಕಷ್ಟ. "ಇಷ್ಟು ಓದಿ ಅಂಗಡೀಲಿ ಕೂರ್ತೀಯಾ?" ನಮ್ಮ ಮನೆಗಳಿಗೂ ಹೊಸ ಮಾತಲ್ಲ.

ಬ್ಯಾಂಕ್ ಕೈಬಿಟ್ಟಲ್ಲಿ ಸ್ಟೋಕ್‌ವೆಲ್ ಇದೆ: ಹತ್ತು ಜನ ತಿಂಗಳಿಗೆ ತಲಾ 500 ರ‍್ಯಾಂಡ್ (ಅಲ್ಲಿನ ಹಣ) ಹಾಕಿದರೆ ಸರದಿಯವಳಿಗೆ 5,000. ನಮ್ಮ ಚೀಟಿ, ಉತ್ತರ ಕರ್ನಾಟಕದ ಭಿಸಿ ಇದ್ದಂತೆಯೇ. ಆದರೆ ಹರಾಜಿನ ಚೀಟಿಯಲ್ಲಿ ಅರ್ಜೆಂಟ್ ಇದ್ದವರು ಕೂಗಿ ಎತ್ತಿಕೊಳ್ಳಬಹುದು. ಸರದಿಯ ಸ್ಟೋಕ್‌ವೆಲ್‌ನಲ್ಲಿ ಕಾಯಬೇಕು. ಮಳಿಗೆ ಸಿಕ್ಕಿದ್ದು ಎರಡನೇ ತಿಂಗಳು, ಸರದಿ ಒಂಬತ್ತನೆಯದು ಎಂದಾದರೆ ಆಸೆ ಅಲ್ಲೇ ಆರುತ್ತದೆ. ಸೇರುವಾಗಲೇ ಕಾರಣ ಹೇಳಿ ಮೊದಲ ಮೂರರೊಳಗಿನ ಸರದಿ ಕೇಳಿಕೊಳ್ಳಬೇಕು. ಡಿಸೆಂಬರ್ ಹಬ್ಬದ ದಿನಸಿಗೆಂದು ಕೂಡಿಡುವ ಸ್ಟೋಕ್‌ವೆಲ್‌ಗೆ ಇದನ್ನು ಬೆರೆಸಬಾರದು, ಬೆರೆಸಿದರೆ ಬಂಡವಾಳ ಹಬ್ಬದಡುಗೆಯಾಗುತ್ತದೆ.

ಇನ್ನು "ಕೈಲಾಗುತ್ತದೆಯೇ" ಅನ್ನುವುದಕ್ಕೆ ಒಂದು ಹಾಳೆ ಸಾಕು. ಜಡೆ ಹೆಣೆಯುವ ಕೆಲಸವನ್ನೇ ತೆಗೆದುಕೊಳ್ಳಿ; ಅಂಕಿಗಳು ಉದಾಹರಣೆಗೆ. ಕೂಲಿ 350 ರ‍್ಯಾಂಡ್. ಕೃತಕ ಕೂದಲು ಐದು ಪ್ಯಾಕೆಟ್, 35ರಂತೆ 175. ಕುರ್ಚಿ ಬಾಡಿಗೆ 30, ಟ್ಯಾಕ್ಸಿ 30. ಉಳಿದದ್ದು 115. ಹೆಣೆಯಲು ಆರು ಗಂಟೆ, ಅಂದರೆ ಗಂಟೆಗೆ 19. ಮಾರ್ಚ್ 2025ರಲ್ಲೇ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 28.79 ಇತ್ತು! ದಿನವಿಡೀ ಗಿರಾಕಿಗಳಿದ್ದೂ ಕೈ ಖಾಲಿ ಏಕೆ ಎಂಬುದು ಇಲ್ಲಿ ಕಾಣುತ್ತದೆ. ಈಗ ಕೂದಲನ್ನು ಗಿರಾಕಿಯೇ ತರಲಿ, ಕೂಲಿ 250 ಇರಲಿ: ಖರ್ಚು ಕಳೆದು 190, ಗಂಟೆಗೆ 31ರ ಮೇಲೆ. ದರ ಇಳಿಸಿ ಸಂಪಾದನೆ ಹೆಚ್ಚಿಸಿಕೊಂಡದ್ದು ಅವಳದೇ ಕೈಬರಹದಲ್ಲಿ ಕಂಡರೆ ಯಾವ ಭಾಷಣವೂ ಬೇಡ.

ಕಂಪನಿ ನೋಂದಣಿಗೆ ಅವಸರ ಬೇಡ. ಹೆಸರು ಕಾಯ್ದಿರಿಸಲು 50, ನೋಂದಣಿಗೆ 125 ರ‍್ಯಾಂಡ್ ಅಷ್ಟೇ, ಅಗ್ಗವಾಗಿದ್ದೇ ತೊಂದರೆ. ವಹಿವಾಟು ಸೊನ್ನೆಯಿದ್ದರೂ ವರ್ಷಕ್ಕೊಮ್ಮೆ ವಾರ್ಷಿಕ ವಿವರ ಸಲ್ಲಿಸಲೇಬೇಕು. ಬಿಟ್ಟರೆ ಕಂಪನಿಯ ಹೆಸರೇ ಪಟ್ಟಿಯಿಂದ ಹೋಗಬಹುದು. ಕಂಪನಿ ಹೆಸರಿನ ಬಿಲ್ ಕೇಳುವ ಗಿರಾಕಿ, ಒಂದು ಶಾಲೆಯೋ ಕಚೇರಿಯೋ, ಬಂದ ದಿನ ಮಾಡಿಸಿದರೂ ತಡವೇನಲ್ಲ.