ಪಾದರಸ ತಾಗಿದರೆ ಹೊಳೆಯುವ ಬಣ್ಣ

1956ರ ಮೇ 1. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಾರ್ಖಾನೆಯ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ ಹಾಜಿಮೆ ಹೊಸೊಕಾವ, ಕಾರಣ ಗೊತ್ತಾಗದ ನರರೋಗವೊಂದು ಹಬ್ಬುತ್ತಿದೆ ಎಂದು ಸ್ಥಳೀಯ ಆರೋಗ್ಯ ಕಚೇರಿಗೆ ತಿಳಿಸಿದರು. ಅದಕ್ಕೂ ಮೊದಲೇ ಊರಿನ ಬೆಕ್ಕುಗಳು ತೂರಾಡಿ ಸಾಯುತ್ತಿದ್ದವು. ಅದೇ ಕಾರ್ಖಾನೆಯ ಕೊಳಕು ನೀರಿನಿಂದ ಮೀನಿಗೆ ಸೇರಿದ ಮೀಥೈಲ್ ಪಾದರಸವೇ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಹನ್ನೆರಡು ವರ್ಷ! ನಮ್ಮ ಕಾರವಾರದಲ್ಲೂ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಹತ್ತಿರದ ಸಮುದ್ರದಲ್ಲಿ ಪಾದರಸ ಎಷ್ಟಿದೆ ಎಂದು ವಿಜ್ಞಾನಿಗಳು ಅಳೆದು ನೋಡಿದ್ದುಂಟು.

ಅಳೆಯುವುದೇ ಕಷ್ಟ. ಕುಡಿಯುವ ನೀರಿಗೆ ಭಾರತದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. 1968ರಲ್ಲೇ ಹ್ಯಾಚ್ ಮತ್ತು ಆಟ್ ಎಂಬಿಬ್ಬರು ಒಳ್ಳೆಯ ದಾರಿ ತೋರಿಸಿದರು: ನೀರಿನಲ್ಲಿರುವ ಪಾದರಸವನ್ನು ಆವಿಯಾಗಿಸಿ, ಅದು ಎಷ್ಟು ಅತಿನೇರಳೆ ಬೆಳಕನ್ನು ಹೀರುತ್ತದೆ ಎಂದು ನೋಡುವುದು. ಇಂದಿಗೂ ಲ್ಯಾಬ್‌ಗಳು ಇದನ್ನೇ ನೆಚ್ಚಿಕೊಂಡಿವೆ. ಆದರೆ ಯಂತ್ರ ಸಾಮಾನ್ಯವಾಗಿ ಕೆರೆಯ ದಡಕ್ಕೆ ಬರುವುದಿಲ್ಲ, ನೀರೇ ಬಾಟಲಿಯಲ್ಲಿ ಯಂತ್ರದ ಬಳಿಗೆ ಹೋಗಬೇಕು.

ಹಾಗಾದರೆ ಪಾದರಸವಿರುವ ನೀರಿಗೆ ಹಾಕಿದ ಕೂಡಲೇ ಹೊಳೆಯುವ ಬಣ್ಣವೊಂದಿದ್ದರೆ? ಇಲ್ಲೇ ತೊಡಕು. ಪಾದರಸ ಭಾರದ ಲೋಹ, ಸಾಮಾನ್ಯವಾಗಿ ಹತ್ತಿರ ಬಂದ ಬಣ್ಣದ ಹೊಳಪನ್ನೇ ಆರಿಸಿಬಿಡುತ್ತದೆ. ಹೊಳಪು ಕಡಿಮೆಯಾಯಿತು ಅಂದ ಮಾತ್ರಕ್ಕೆ ಪಾದರಸವಿದೆ ಅಂತ ನಂಬೋದು ಹೇಗೆ? ನೀರು ರಾಡಿಯಾಗಿದ್ದರೂ ಹಾಗೇ ಆಗುತ್ತದೆ, ಅಲ್ವಾ?

1992ರಲ್ಲಿ ಅಮೆರಿಕದ ಆಂಟನಿ ಝಾರ್ನಿಕ್ ತಂಡ ಪಾದರಸಕ್ಕೆ ಗಂಧಕದ ಮೇಲಿರುವ ಮೋಹವನ್ನೇ ಬಳಸಿಕೊಂಡಿತು. ಆಂಥ್ರಸೀನ್ ಎಂಬ ಹೊಳೆಯುವ ಅಣುವಿಗೆ ಗಂಧಕವಿರುವ ಗುಂಪೊಂದನ್ನು ಜೋಡಿಸಿದರು. ಗಂಧಕ ಇರುವತನಕ ಹೊಳಪು ಮಂಕು. ಪಾದರಸ ಅದನ್ನು ಕಿತ್ತುಕೊಂಡು ಹೋದರೆ ಹೊಳಪು ಏರುತ್ತದೆ. 2005ರಲ್ಲಿ ಕೊರಿಯಾದ ಸಂಶೋಧಕರು ಇದೇ ಉಪಾಯವನ್ನು ರೋಡಮೈನ್ ಬಣ್ಣಕ್ಕೆ ತಂದರು. ಅದರ ಅಣುವಿನಲ್ಲಿ ಒಂದು ಉಂಗುರ ಮುಚ್ಚಿಕೊಂಡಿರುತ್ತದೆ, ಆಗ ದ್ರಾವಣಕ್ಕೆ ಬಣ್ಣವೇ ಇಲ್ಲ. ಪಾದರಸ ಗಂಧಕವನ್ನು ಎಳೆದುಕೊಂಡಾಗ ಉಂಗುರ ಬಿಚ್ಚಿಕೊಂಡು ದ್ರಾವಣ ಗುಲಾಬಿಯಾಗುತ್ತದೆ, ಹೊಳೆಯುತ್ತದೆ. ಬರಿಗಣ್ಣಿಗೇ ಕಾಣುವ ಬದಲಾವಣೆ ಇದು. ಆಮೇಲೆ ಇಂಥ ಸೆನ್ಸರ್‌ಗಳ ಸುಗ್ಗಿಯೇ ಶುರುವಾಯಿತು.

ಸುಗ್ಗಿ ವಿಜ್ಞಾನ ಪತ್ರಿಕೆಗಳಲ್ಲೇ ಜಾಸ್ತಿ ಅನ್ನುವುದು ನನ್ನ ತಕರಾರು. ಎಷ್ಟೋ ಬಣ್ಣಗಳು ಬರೀ ನೀರಿನಲ್ಲಿ ಕರಗುವುದೇ ಇಲ್ಲ, ಜೊತೆಗೆ ಅಸಿಟೋನೈಟ್ರೈಲ್‌ನಂಥ ದ್ರಾವಕ ಬೇಕು. ಬೆಳ್ಳಿಯ ಅಯಾನು ಕೆಲವನ್ನು ಮೋಸಗೊಳಿಸುತ್ತದೆ. ಗಂಧಕ ಕಿತ್ತುಹೋದ ಅಣು ಮೊದಲಿನಂತಾಗದು, ಒಂದೇ ಸಲದ ಬಳಕೆ. ದೊಡ್ಡ ಕೊರತೆ ಬೇರೆ ಇದೆ: ಇವುಗಳಲ್ಲಿ ಹೆಚ್ಚಿನವು ಗುರುತಿಸುವುದು ನೀರಿನಲ್ಲಿ ಕರಗಿದ ಪಾದರಸದ ಅಯಾನನ್ನು. ಮೀನಿನ ಮೈಯಲ್ಲಿರುವ ಮೀಥೈಲ್ ಪಾದರಸವೋ, ಅಲ್ಲಿನ ಪ್ರೋಟೀನಿನ ಗಂಧಕವನ್ನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಿ ಅಳೆಯಲು ಈಗಲೂ ಲ್ಯಾಬ್ ಬೇಕೇ ಬೇಕು.