ಲಿಂಕ್ ಒತ್ತಿ ಬರುವವರಿಗೆ ಬೋರ್ಡ್ ಹೇಗೆ ಕಾಣುತ್ತದೆ?

ಹಲವರು ಬೇರೆ ಬೇರೆ ಕಡೆಯಿಂದ ಒಂದೇ ಬೋರ್ಡಿನ ಮೇಲೆ ಬರೆದು, ಚಿತ್ರ, ಚೀಟಿ ಅಂಟಿಸುವ ಆನ್‌ಲೈನ್ ವೈಟ್‌ಬೋರ್ಡ್ ತಂತ್ರಾಂಶ ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸಿ ನೋಡುವವರು ಯಾರು? ಹೆಚ್ಚಾಗಿ, ಅದನ್ನು ತರಲೇಬೇಕೆಂದು ಹಟ ಹಿಡಿದವರೇ. ಮಿರೋ, ಮ್ಯೂರಲ್, ಫಿಗ್‌ಜ್ಯಾಮ್, ಎಕ್ಸ್‌ಕ್ಯಾಲಿಡ್ರಾ, ಯಾವುದನ್ನಾದರೂ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಮುಂದೆ ಕೂತು ಬೋರ್ಡ್ ಕಟ್ಟುವವರಿಗೆ ಬೇಗನೆ ಕೈ ಕೂಡಿಬರುತ್ತದೆ. ಪೇಚಾಡುವವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ, ಫೋನಿನಿಂದ ಆ ಬೋರ್ಡಿಗೆ ಬಂದು ಬೀಳುವವರು. ಯೂಸಬಿಲಿಟಿ ಪರೀಕ್ಷೆಗೆ, ಅಂದರೆ ಬಳಸುವವರಿಗೆ ಅದು ಎಷ್ಟು ಸಲೀಸು ಎಂದು ನೋಡಲು, ನನ್ನನ್ನು ಕರೆದರೆ ನಾನು ಮೊದಲು ಕೇಳುವುದು ಇವರನ್ನೇ.

ಬಳ್ಳಾರಿಯ ಜೀನ್ಸ್ ವ್ಯಾಪಾರವನ್ನೇ ನೋಡಿ. ಇಲ್ಲಿ ಒಂದು ಪ್ಯಾಂಟು ಪೂರ್ತಿಯಾಗಿ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಜಾಬ್‌ವರ್ಕ್‌ನವರ ಹತ್ತಿರ, ವಾಷಿಂಗ್ ಮತ್ತೊಂದು ಕಡೆ. ನನ್ನನ್ನು ಪರೀಕ್ಷೆಗೆ ಕರೆದಿದ್ದ ಒಂದು ಘಟಕದಲ್ಲಂತೂ ಡಿಸೈನರ್ ಇರುವುದು ಬೆಂಗಳೂರಿನಲ್ಲಿ. ಸ್ಯಾಂಪಲ್ ತಿದ್ದುಪಡಿಗಳನ್ನೆಲ್ಲ ಬೋರ್ಡಿನ ಮೇಲೆ ಮಾಡೋಣ ಎಂದು ಅಲ್ಲಿನ ಮಾಲೀಕರು ಹೊರಟಿದ್ದರು. ಫೀಚರ್‌ಗಳ ಪಟ್ಟಿ ತಂದಿದ್ದರು. ನಾನು ಅದನ್ನು ಪಕ್ಕಕ್ಕಿಟ್ಟು ಒಂದೇ ಕೆಲಸ ಕೊಟ್ಟೆ: ಹಿಂದಿನ ಜೇಬನ್ನು ಅರ್ಧ ಇಂಚು ಕೆಳಗಿಳಿಸಬೇಕು ಎಂದು ಡಿಸೈನರ್ ಫೋಟೋ ಮೇಲೆ ಚೀಟಿ ಅಂಟಿಸಬೇಕು, ಕಟಿಂಗ್ ಮಾಸ್ಟರ್ ಅದನ್ನು ಹುಡುಕಿ ಉತ್ತರ ಬರೆಯಬೇಕು, ಆಫೀಸಿನ ಸೂಪರ್‌ವೈಸರ್ ಅದನ್ನು ಓದಿ ಓಕೆ ಮಾಡಬೇಕು. ಮೂವರು ಮೂರು ಕಡೆ, ಲ್ಯಾಪ್‌ಟಾಪ್, ಫೋನ್, ಹಳೆಯ ಡೆಸ್ಕ್‌ಟಾಪ್. ನಾನು ಮಾಸ್ಟರ್ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಅದೇ.

ಮಾಸ್ಟರ್ ಬೋರ್ಡಿನ ಉಳಿದ ಭಾಗ ನೋಡಲು ಪರದೆಯ ಮೇಲೆ ಬೆರಳು ಎಳೆದರು. ಬೋರ್ಡ್ ಸರಿಯಲಿಲ್ಲ, ಫೋಟೋವೇ ಬೆರಳಿನ ಹಿಂದೆ ಬಂತು. ಬೆಂಗಳೂರಿನ ಪರದೆಯಲ್ಲೂ ಪ್ಯಾಂಟು ಜಾಗ ಬಿಟ್ಟಿತು, ಚೀಟಿಗಳು ಮಾತ್ರ ಇದ್ದಲ್ಲೇ ಇದ್ದು ಖಾಲಿ ಜಾಗಕ್ಕೆ ಬಾಣ ತೋರಿಸುತ್ತಿದ್ದವು. "ಮೇಡಂ, ನಾನೇನೂ ಮಾಡಿಲ್ರೀ, ಅದಾ ಸರದುಹೋತು" ಎಂದರು. ಅವರದು ನಿಜಕ್ಕೂ ತಪ್ಪಲ್ಲ. ಫೋನಿನ ಬೇರೆ ಬಹುತೇಕ ಆ್ಯಪ್‌ಗಳಲ್ಲಿ ಬೆರಳು ಎಳೆದರೆ ಪುಟ ಸರಿಯುತ್ತದೆ. ಇಲ್ಲಿ ಬೆರಳು ವಸ್ತುವಿನ ಮೇಲೆ ಬಿದ್ದರೆ ವಸ್ತುವೇ ಸರಿಯಿತು. ಅತ್ತ ಡಿಸೈನರ್ ಗಾಬರಿಯಿಂದ ಅನ್‌ಡೂ ಒತ್ತಿದರು. ಫೋಟೋ ವಾಪಸ್ ಬರಲಿಲ್ಲ, ಅವರೇ ಆಗ ತಾನೆ ಅಂಟಿಸಿದ್ದ ಚೀಟಿ ಮಾಯವಾಯಿತು. ಹಲವರು ಒಟ್ಟಿಗೆ ಬಳಸುವ ಇಂಥ ತಂತ್ರಾಂಶಗಳಲ್ಲಿ ಅನ್‌ಡೂ ಸಾಮಾನ್ಯವಾಗಿ ನಮ್ಮ ಕೊನೆಯ ಕೆಲಸವನ್ನು ಮಾತ್ರ ರದ್ದು ಮಾಡುತ್ತದೆ. ವಿನ್ಯಾಸದ ದೃಷ್ಟಿಯಿಂದ ಅದು ಸರಿಯೇ, ಇಲ್ಲದಿದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾ ಕೂರುತ್ತಾರೆ. ಆದರೆ ಇದು ಯಾರಿಗೂ ಗೊತ್ತಿರಲಿಲ್ಲ.

ಮಾಸ್ಟರ್ ಫೋನನ್ನು ಕಟಿಂಗ್ ಟೇಬಲ್ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡರು. ಆಮೇಲೆ ನೋಡಿದರೇ ಹೊರತು ಮುಟ್ಟಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ದಪ್ಪಕ್ಷರದಲ್ಲಿ ಬರೆದುಕೊಂಡದ್ದು ಇದನ್ನೇ. ಪರಿಹಾರ ಸಣ್ಣದು: ಫೋಟೋಗಳನ್ನು ಲಾಕ್ ಮಾಡಬೇಕು, ಇಲ್ಲವೇ ಅವರಿಗೆ ಕಾಮೆಂಟ್ ಬರೆಯುವ ಅನುಮತಿ ಮಾತ್ರ ಕೊಡಬೇಕು. ಆ ಅನುಮತಿ ಉಚಿತ ಪ್ಲಾನಿನಲ್ಲಿದೆಯೇ, ಲಾಕ್ ಬಟನ್ ಬೋರ್ಡ್ ಕಟ್ಟುವವರ ಕಣ್ಣಿಗೆ ಬೀಳುತ್ತದೆಯೇ ಎಂಬುದೂ ಪರೀಕ್ಷೆಯ ಭಾಗವೇ.

ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡ ಯೂಸಬಿಲಿಟಿಯನ್ನು ಮೂರು ರೀತಿಯಲ್ಲಿ ಅಳೆಯುತ್ತದೆ: ಕೆಲಸ ಆಯಿತೇ, ಎಷ್ಟು ಶ್ರಮ ಬೇಕಾಯಿತು, ಮನಸ್ಸಿಗೆ ಒಪ್ಪಿತೇ. ಎಲ್ಲರೂ ಮರೆಯುವುದು ಅದರಲ್ಲೇ ಇರುವ ಷರತ್ತನ್ನು: ಇಂಥ ಬಳಕೆದಾರರಿಗೆ, ಇಂಥ ಉದ್ದೇಶಕ್ಕೆ, ಇಂಥ ಸಂದರ್ಭದಲ್ಲಿ ಎಂದು ಹೇಳದೆ ಅಳತೆಗೆ ಅರ್ಥವಿಲ್ಲ. ಯಾರೋ ಎಲ್ಲೋ ಕೊಟ್ಟ ಸ್ಟಾರ್‌ಗಳು ಬಳ್ಳಾರಿಯ ಕಟಿಂಗ್ ಟೇಬಲ್‌ಗೆ ಏನನ್ನೂ ಹೇಳುವುದಿಲ್ಲ.

ಐದು ಜನರ ಮೇಲೆ ಪರೀಕ್ಷಿಸಿದರೆ ಸುಮಾರು ಶೇ 85ರಷ್ಟು ತೊಂದರೆಗಳು ಸಿಗುತ್ತವೆ ಎಂದು ಯೂಸಬಿಲಿಟಿ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ನಮ್ಮ ವೃತ್ತಿಯವರು ಮಂತ್ರದಂತೆ ಹೇಳುತ್ತಾರೆ. ಅದು ಒಬ್ಬರು ಒಂಟಿಯಾಗಿ ಬಳಸುವ ಸಾಧನಕ್ಕೆ ಸರಿ. ಬೋರ್ಡಿನಲ್ಲಿ ಐದು ಜನ ಒಟ್ಟಿಗೆ ಕೂತರೆ ಸಿಕ್ಕಿದ್ದು ಒಂದೇ ತಂಡ, ಒಂದೇ ನಮೂನೆ. ಕಾರ್ಲ್ ಗಟ್ವಿನ್ ಮತ್ತು ಸಾಲ್ ಗ್ರೀನ್‌ಬರ್ಗ್ ಎಂಬ ಕೆನಡಾದ ಸಂಶೋಧಕರು ಇಂಥ ತಂತ್ರಾಂಶದಲ್ಲಿ ಹುಡುಕಲು ಹೇಳಿದ್ದು ಬೇರೆಯದನ್ನು: ಈಗ ಬೋರ್ಡಿನಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಉಳಿದವರಿಗೆ ತಿಳಿಯುತ್ತದೆಯೇ? ಕೆಲಸ ಮುಗಿದ ಮೇಲೆ ಮೂವರನ್ನೂ ಬೇರೆ ಬೇರೆಯಾಗಿ ಕೇಳಿ, "ಏನೇನು ಬದಲಾಯಿತು, ಮಾಡಿದವರು ಯಾರು?" ಉತ್ತರಗಳು ತಾಳೆಯಾಗದಿದ್ದರೆ ತಂತ್ರಾಂಶ ಎಷ್ಟು ಚಂದವಿದ್ದರೂ ಬೇಡ.

ಬಳಸಿದವರ ಅಭಿಪ್ರಾಯ ಅಳೆಯುವ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿಯನ್ನು ನಾನೂ ಕೊಡುತ್ತೇನೆ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ವಾಕ್ಯಗಳು, ನೂರಕ್ಕೆ ಅಂಕ, 68 ಸರಾಸರಿ. ತೊಡಕು ಏನೆಂದರೆ ಹತ್ತರಲ್ಲಿ ಐದು ವಾಕ್ಯಗಳು ಉಲ್ಟಾ ಇವೆ, ಅವನ್ನು ಒಪ್ಪಿದರೆ ಅಂಕ ಇಳಿಯುತ್ತದೆ. ಜೊತೆಗೆ ಮಾಲೀಕರು ಎದುರಿಗೆ ನಿಂತಿದ್ದರೆ ನಮ್ಮ ಜನ ಎಲ್ಲಕ್ಕೂ "ಛಲೋ ಐತ್ರೀ" ಎನ್ನುತ್ತಾರೆ. ಕನ್ನಡದಲ್ಲಿ ಓದಿ ಹೇಳಿ, ಮಾಲೀಕರನ್ನು ಚಹಾಕ್ಕೆ ಕಳಿಸಿ.

ಕನ್ನಡವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಬರಹ ಹೆಚ್ಚಾದಂತೆ ಚೀಟಿಯ ಅಕ್ಷರ ತಾನಾಗಿ ಚಿಕ್ಕದಾಗುವುದು ಇಂಥ ಬೋರ್ಡ್‌ಗಳಲ್ಲಿ ಸಾಮಾನ್ಯ. ಇಂಗ್ಲಿಷ್ ಆ ಗಾತ್ರದಲ್ಲೂ ಓದಲು ಬರುತ್ತದೆ, ನಮ್ಮ ಒತ್ತಕ್ಷರಗಳು ಮಸಿಚುಕ್ಕೆಗಳಾಗುತ್ತವೆ. ಆಫೀಸಿನಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಅಳತೆ ಪಟ್ಟಿಯನ್ನು ತಂದು ಅಂಟಿಸಿದರೆ ಬರುವುದು ಕಲಸುಮೇಲೋಗರ. ಅದು ಬೋರ್ಡಿನ ದೋಷವಲ್ಲ, ಆದರೂ ಬಯ್ಗುಳ ಬೋರ್ಡಿಗೇ. "ಜೇಬು" ಎಂದು ಹುಡುಕಿದರೆ ಚೀಟಿ ಸಿಗಬೇಕು. ಪಿಡಿಎಫ್ ಇಳಿಸಿದಾಗ ಒತ್ತುಗಳು ಅಕ್ಷರದ ಕೆಳಗೇ ನಿಂತಿರಬೇಕು.

ಕರೆಂಟ್ ಹೋಗಿ ವೈಫೈ ನಿಂತ ಸ್ಥಿತಿಯನ್ನು ಬೇಕೆಂದೇ ತರಿಸಿ. ಮಧ್ಯದಲ್ಲಿ ಒಬ್ಬರ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಬ್ಬರೂ ಅದೇ ಚೀಟಿಯನ್ನು ತಿದ್ದಲಿ, ನಂತರ ನೆಟ್ ಕೊಡಿ. "ಸಂಪರ್ಕ ಇಲ್ಲ" ಎಂದು ಎದುರಿಗೇ ಹೇಳಿ ತಡೆಯುವ ತಂತ್ರಾಂಶ ಪರವಾಗಿಲ್ಲ. ಸದ್ದಿಲ್ಲದೆ ಒಬ್ಬರ ಅಳತೆಯನ್ನು ನುಂಗಿ ಹಾಕುವುದಿದೆಯಲ್ಲ, ಅದರಿಂದ ಒಂದು ಲಾಟ್ ಬಟ್ಟೆಯೇ ಹಾಳಾಗಬಹುದು. ಲಾಗಿನ್ ಕೂಡ ಅಷ್ಟೇ: ಬಹಳಷ್ಟು ಜನರ ಗೂಗಲ್ ಖಾತೆಯ ಪಾಸ್‌ವರ್ಡ್ ಗೊತ್ತಿರುವುದು ಫೋನ್ ಸೆಟ್ ಮಾಡಿಕೊಟ್ಟ ಅಂಗಡಿ ಹುಡುಗನಿಗೆ.

ಕೊನೆಗೆ ಆ ಘಟಕಕ್ಕೆ ನಾನು ಸೂಚಿಸಿದ್ದು ಹೀಗೆ. ಡಿಸೈನರ್, ಸೂಪರ್‌ವೈಸರ್ ಇಬ್ಬರೂ ಬೋರ್ಡಿನಲ್ಲಿ ತಿದ್ದಲಿ. ಮಾಸ್ಟರ್‌ಗೆ ಲಾಕ್ ಆದ ಬೋರ್ಡ್, ಕಾಮೆಂಟ್ ಮಾತ್ರ. ವಾಷಿಂಗ್‌ನವರಿಗೆ ಬೋರ್ಡೇ ಬೇಡ, ಸ್ಟೈಲ್ ನಂಬರ್ ಹಾಕಿದ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಹೋದರೆ ಸಾಕು. ಮಾಲೀಕರಿಗೆ ಕೊಂಚ ನಿರಾಸೆಯಾಯಿತು, ಎಲ್ಲರೂ ಒಂದೇ ಕಡೆ ಇರಬೇಕೆಂಬುದು ಅವರ ಆಸೆ. ವರ್ಷದ ಚಂದಾ ಕಟ್ಟುವ ಮುಂಚೆ ಎಲ್ಲವನ್ನೂ ಹೊರಗೆ ಇಳಿಸಿಕೊಳ್ಳಲು ಬರುತ್ತದೆಯೇ ನೋಡಿ ಎಂದೂ ಹೇಳಿದೆ. ಗೂಗಲ್‌ನಂಥ ಕಂಪನಿಯೇ 2024ರ ಡಿಸೆಂಬರ್ 31ಕ್ಕೆ ತನ್ನ ವೈಟ್‌ಬೋರ್ಡ್ ತಂತ್ರಾಂಶ ಜ್ಯಾಮ್‌ಬೋರ್ಡ್ ಮುಚ್ಚಿತು. ಬೋರ್ಡುಗಳನ್ನು ಬೇರೆ ಕಡೆಗೆ ಸಾಗಿಸಿಕೊಳ್ಳಿ ಎಂದು ಬಳಕೆದಾರರಿಗೆ ಮೊದಲೇ ತಿಳಿಸಿತ್ತು, ಅದು ಬೇರೆ ಮಾತು. ಸಣ್ಣ ಕಂಪನಿ ಅಷ್ಟು ಸಮಯ ಕೊಡುತ್ತದೆಂಬ ಖಾತ್ರಿಯಿಲ್ಲ.